ಅಮ್ಮನ ಮಂಡಿ ಆಪರೇಷನ್ ಆಗಿದೆ, ಬೆಂಗಳೂರಲ್ಲಿ ಸರಿಯಾಗಿ ಓದಿ ರಿಜಿಸ್ಟರ್ ಆಗಿರುವ ಫಿಸಿಯೋ ಸಿಗುವುದು ಹೇಗೆ?

ಹನುಮಂತನಗರದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಓದಿ ಹೇಳಿ.

ನಮ್ಮ ಅಮ್ಮನಿಗೆ 67 ವರ್ಷ. ಗಣೇಶನ ಹಬ್ಬ ಮುಗಿದ ವಾರದಲ್ಲೇ ಬಲಗಾಲಿನ ಮಂಡಿ ಬದಲಾಯಿಸುವ ಆಪರೇಷನ್ ಆಯಿತು. ಇವತ್ತಿಗೆ 13 ದಿನ. ಆಪರೇಷನ್ ಚೆನ್ನಾಗಿ ಆಗಿದೆ, ಗಾಯ ಒಣಗಿದೆ. ಡಾಕ್ಟರ ಮೇಲೆ ನನ್ನದೇನೂ ದೂರಿಲ್ಲ. ತೊಂದರೆ ಶುರುವಾಗಿದ್ದು ಮನೆಗೆ ಬಂದ ಮೇಲೆ.

ಅಮ್ಮ ಮೂವತ್ತು ವರ್ಷ ನೆಲದ ಮೇಲೆ ಕೂತು ಹಪ್ಪಳ ಒತ್ತಿದವರು. ನಾನು, ನನ್ನ ತಮ್ಮ ಇಬ್ಬರೂ ಓದಿದ್ದು ಆ ದುಡ್ಡಲ್ಲೇ. ಮಂಡಿ ಸವೆದು ಹೋಗಿದ್ದೂ ಅದರಿಂದಲೇ ಇರಬೇಕು ಅಂತ ನನಗೆ ಒಳಗೊಳಗೇ ಅನ್ನಿಸುತ್ತದೆ. ಅದಕ್ಕೇ ಈ ಸಲ ಏನೂ ತಪ್ಪಾಗಬಾರದು ಅಂತ ತುಂಬಾ ಆಸೆ ಇಟ್ಟುಕೊಂಡಿದ್ದೆ.

ಆಸ್ಪತ್ರೆ ನಮ್ಮ ಮನೆಯಿಂದ ದೂರ. ದಿನಾ ಕರೆದುಕೊಂಡು ಹೋಗೋಕೆ ಆಗಲ್ಲ. ನಮ್ಮದು ಮೊದಲನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ಫೋನಲ್ಲಿ ಹುಡುಕಿ, ಮನೆಗೇ ಫಿಸಿಯೋ ಕಳಿಸುವ ಒಂದು ಏಜೆನ್ಸಿಗೆ ಹತ್ತು ದಿನದ ದುಡ್ಡು ಮುಂಗಡ ಕಟ್ಟಿದೆ. ದಿನಕ್ಕೆ 700 ರೂಪಾಯಿ. ಬಂದವನು ಒಬ್ಬ ಚಿಕ್ಕ ಹುಡುಗ. ಮಾತು ಮೃದು, ಕೆಟ್ಟವನಲ್ಲ. ಆದರೆ ಡಿಸ್ಚಾರ್ಜ್ ಸಮ್ಮರಿ ಕೇಳಲೇ ಇಲ್ಲ. ಬಂದ ತಕ್ಷಣ ಒಂದು ಮೆಷಿನ್ ಇಟ್ಟು ಹತ್ತು ನಿಮಿಷ ಫೋನ್ ನೋಡುತ್ತಾ ಕೂತ. ಆಮೇಲೆ ಕಾಲು ಹಿಡಿದು ಮಡಿಸೋಕೆ ಶುರು ಮಾಡಿದ.

ಮೂರನೇ ದಿನ ಅಮ್ಮನನ್ನು ಮಂಚದ ಅಂಚಲ್ಲಿ ಕೂರಿಸಿ, ತನ್ನ ಮೈ ಭಾರ ಎಲ್ಲಾ ಹಾಕಿ ಕಾಲನ್ನು ಹಿಂದಕ್ಕೆ ಒತ್ತಿದ. ಅಮ್ಮ ಕೂಗಲಿಲ್ಲ. ಸೆರಗನ್ನು ಬಾಯಲ್ಲಿ ತುರುಕಿಕೊಂಡು ಕಣ್ಣು ಮುಚ್ಚಿದರು. ನಾನು ಅಡುಗೆಮನೆಯಿಂದ ಬಂದು ನೋಡಿದಾಗ ಅವರ ಕೈ ನಡುಗುತ್ತಿತ್ತು. ಸಾಕು ನಿಲ್ಲಿಸಪ್ಪ ಅಂದೆ. "ನೋವಾದ್ರೇನೇ ಆಂಟಿ ಬಗ್ಗೋದು" ಅಂದ. ನೀನು ಏನು ಓದಿದ್ದೀಯಪ್ಪ ಅಂತ ಆಗ ಕೇಳಿದೆ. "ಟ್ರೈನಿಂಗ್ ಆಗಿದೆ ಮೇಡಂ, ನಲವತ್ತೈದು ದಿನದ್ದು" ಅಂದ.

ಅವತ್ತು ಸಂಜೆ ಮಂಡಿ ಎರಡರಷ್ಟು ಊದಿತು. ಆಸ್ಪತ್ರೆಗೆ ಫೋನ್ ಮಾಡಿ, ಮಾರನೇ ದಿನ ತೋರಿಸಿದೆವು. ಒಳಗೆ ಏನೂ ಆಗಿಲ್ಲ, ಐಸ್ ಇಡಿ, ಎರಡು ದಿನ ಮೆಲ್ಲಗೆ ಮಾಡಿ ಅಂದರು. ಆದರೆ ವ್ಯಾಯಾಮ ಮಾತ್ರ ಬಿಡಬೇಡಿ, ಬಿಟ್ಟರೆ ಮಂಡಿ ಹಾಗೇ ಗಟ್ಟಿಯಾಗಿಬಿಡುತ್ತದೆ ಅಂತಲೂ ಹೇಳಿದರು. ಈಗ ಅಮ್ಮ ಯಾರು ಕಾಲು ಮುಟ್ಟೋಕೆ ಬಂದರೂ ಹೆದರುತ್ತಾರೆ. ನನ್ನನ್ನೂ ಹತ್ತಿರ ಬಿಡಲ್ಲ.

ನನಗೆ ಗೊತ್ತಾಗಬೇಕಿರುವುದು ಇಷ್ಟು. ಬಾಗಿಲಿಗೆ ಬಂದವರು ಓದಿದವರೋ ಅಲ್ಲವೋ ಅಂತ ನನ್ನಂಥವಳು ಹೇಗೆ ತಿಳಿಯೋದು? ಡಾಕ್ಟರಿಗೆ ಇರುವ ಹಾಗೆ ಇವರಿಗೂ ರಿಜಿಸ್ಟರ್ ನಂಬರ್ ಇರುತ್ತದಾ? ಏನು ಕೇಳಬೇಕು? ಕೇಳಿದರೆ ಬೇಜಾರು ಮಾಡಿಕೊಳ್ಳಲ್ವಾ?

ಇನ್ನೊಂದು ಮಾತು. ಅಮ್ಮನಿಗೆ ಇರುವ ಆಸೆ ಒಂದೇ, ಕಾರ್ತಿಕದ ಕಡೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ನಡೆದು ಹೋಗಬೇಕು ಅಂತ. ಹೋದ ವರ್ಷ ನೋವಿನಿಂದ ಹೋಗೋಕೆ ಆಗಲಿಲ್ಲ. ಸುಮಾರು ಎರಡು ತಿಂಗಳಿದೆ.

ಹಳೇ ಫಿಸಿಯೋ

ಅಮ್ಮನವರು ಸೆರಗು ಕಚ್ಚಿಕೊಂಡರು ಅಂತ ಓದಿ ತುಂಬಾ ಸಂಕಟವಾಯಿತು. ನಾನು 19 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಇಂಥ ಕಾಲುಗಳು ನಮ್ಮ ಹತ್ತಿರ ತಿಂಗಳಿಗೆ ಒಂದೆರಡಾದರೂ ಬರುತ್ತವೆ. ಹುಡುಗನ ತಪ್ಪಿಗಿಂತ ಅವನನ್ನು ಕಳಿಸಿದವರ ತಪ್ಪು ದೊಡ್ಡದು.

ಮೊದಲು ಓದಿನ ವಿಷಯ. ಫಿಸಿಯೋಥೆರಪಿಸ್ಟ್ ಅಂದರೆ ಬಿಪಿಟಿ, ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ ಪದವಿ ಮಾಡಿರಬೇಕು. ಇಲ್ಲಿಯವರೆಗೆ ಓದಿ ಬಂದವರದು ನಾಲ್ಕು ವರ್ಷದ ಓದು, ಮೇಲೆ ಆರು ತಿಂಗಳು ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದರ ಮೇಲೆ ಇನ್ನೆರಡು ವರ್ಷ ಓದಿದರೆ ಎಂಪಿಟಿ, ಅಂದರೆ ಮಾಸ್ಟರ್ ಪದವಿ. ಎಂಪಿಟಿಯಲ್ಲಿ ಮೂಳೆ-ಕೀಲು, ನರ, ಹೃದಯ-ಶ್ವಾಸಕೋಶ ಅಂತೆಲ್ಲ ಬೇರೆ ಬೇರೆ ವಿಭಾಗ ಇವೆ. ನಿಮಗೆ ಮೂಳೆ-ಕೀಲಿನವರು ಸಿಕ್ಕರೆ ಒಳ್ಳೇದು, ಆದರೆ ಅನುಭವ ಇರುವ ಬಿಪಿಟಿಯವರೂ ಮಂಡಿ ಕೆಲಸ ಚೆನ್ನಾಗಿ ಮಾಡುತ್ತಾರೆ. ಕರ್ನಾಟಕದಲ್ಲಿ ಓದಿದವರ ಸರ್ಟಿಫಿಕೇಟ್ ಹೆಚ್ಚಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಡೀಮ್ಡ್ ವಿಶ್ವವಿದ್ಯಾಲಯಗಳದ್ದೂ ಇರುತ್ತದೆ. ನಲವತ್ತೈದು ದಿನದ ಟ್ರೈನಿಂಗ್ ಮಾಡಿದವರು ಸಹಾಯಕರಾಗಿ ಕೆಲಸ ಮಾಡಬಹುದೇನೋ, ಆಪರೇಷನ್ ಆದ ಮಂಡಿಯನ್ನು ತಾವೇ ನಿರ್ಧಾರ ಮಾಡಿ ಮಡಿಸುವ ಹಾಗಿಲ್ಲ.

ರಿಜಿಸ್ಟರ್ ನಂಬರ್ ಕೇಳಿದಿರಿ. ಇದು ಸ್ವಲ್ಪ ಗೋಜಲು, ಬಿಡಿಸಿ ಹೇಳುತ್ತೇನೆ. ಡಾಕ್ಟರಿಗೆ ಮೊದಲಿಂದಲೂ ಮೆಡಿಕಲ್ ಕೌನ್ಸಿಲ್ ಇದೆ. ನಮಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಹಳ ವರ್ಷ ಇರಲಿಲ್ಲ. ದೆಹಲಿ, ಮಹಾರಾಷ್ಟ್ರದಂಥ ಕೆಲವು ಕಡೆ ಅವರದೇ ಕೌನ್ಸಿಲ್ ಇತ್ತು. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ, ಅಂದರೆ ಫಿಸಿಯೋದಂಥ ಆರೋಗ್ಯ ವೃತ್ತಿಗಳ, ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ರಾಜ್ಯಕ್ಕೂ ಒಂದು ಕೌನ್ಸಿಲ್ ಇರಬೇಕು, ಫಿಸಿಯೋಗಳ ಹೆಸರು ಅದರ ರಿಜಿಸ್ಟರಲ್ಲಿ ಸೇರಬೇಕು. ಆದ್ದರಿಂದ "ನಿಮ್ಮ ಸ್ಟೇಟ್ ಕೌನ್ಸಿಲ್ ನೋಂದಣಿ ಆಗಿದೆಯಾ, ನಂಬರ್ ಏನು" ಅಂತ ಧಾರಾಳವಾಗಿ ಕೇಳಿ. ಅರ್ಜಿ ಹಾಕಿದ್ದೇನೆ, ಇನ್ನೂ ನಂಬರ್ ಬಂದಿಲ್ಲ ಅಂದರೆ ಅಷ್ಟಕ್ಕೇ ಬೇಡ ಅನ್ನಬೇಡಿ. ಪದವಿ ಸರ್ಟಿಫಿಕೇಟ್ ತೋರಿಸಿ ಅನ್ನಿ.

ಇನ್ನು ಕೆಲವರು ಭಾರತೀಯ ಫಿಸಿಯೋಥೆರಪಿಸ್ಟರ ಸಂಘದ, ಅಂದರೆ ಐಎಪಿಯ ಸದಸ್ಯತ್ವದ ನಂಬರ್ ಹೇಳುತ್ತಾರೆ. 1955ರಿಂದ ಇರುವ ಹಳೇ ಸಂಘ, ನಾನೂ ಸದಸ್ಯ. ಆ ನಂಬರ್ ಇದ್ದರೆ ಓದಿದವರು ಅಂತ ಧೈರ್ಯ ಬರುತ್ತದೆ. ಆದರೆ ಅದು ಸಂಘದ ಸದಸ್ಯತ್ವ, ಸರ್ಕಾರದ ಲೈಸೆನ್ಸ್ ಅಲ್ಲ. ಹೆಸರಿನ ಮುಂದೆ ಡಾ. ಇದೆಯಾ ಇಲ್ಲವಾ ಅನ್ನುವುದನ್ನಂತೂ ನೋಡಲೇಬೇಡಿ, ಅದರಿಂದ ಏನೂ ತಿಳಿಯಲ್ಲ. ಹೆಸರು ಆದ ಮೇಲೆ ಯಾವ ಪದವಿ ಬರೆದಿದೆ ನೋಡಿ.

ಕ್ಲಿನಿಕ್‌ಗೆ ಹೋಗುವುದಾದರೆ ಇನ್ನೊಂದು ಕಾಗದ ಇದೆ. ಕೆಪಿಎಂಇ, ಅಂದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಫಿಸಿಯೋಥೆರಪಿ ಸೆಂಟರ್‌ಗಳೂ ಅದರಡಿ ನೋಂದಣಿ ಆಗಬೇಕು, ಆ ಸರ್ಟಿಫಿಕೇಟ್ ಜನರಿಗೆ ಕಾಣುವ ಹಾಗೆ ಗೋಡೆಗೆ ಹಾಕಬೇಕು. ಒಳಗೆ ಹೋದ ತಕ್ಷಣ ಗೋಡೆ ನೋಡಿ.

ಬೇಜಾರು ಮಾಡಿಕೊಳ್ಳಲ್ವಾ ಅಂದಿರಿ. ನಾಲ್ಕೂವರೆ ವರ್ಷ ಕಷ್ಟಪಟ್ಟು ಓದಿದವನಿಗೆ ಯಾರಾದರೂ ಸರ್ಟಿಫಿಕೇಟ್ ಕೇಳಿದರೆ ಖುಷಿ ಆಗುತ್ತದೆ ತಾಯಿ. ಮುಖ ಸಿಂಡರಿಸಿದರೆ ಅಲ್ಲೇ ಕೈ ಮುಗಿದು ಕಳಿಸಿ.

ಆದರೆ ಕಾಗದಕ್ಕಿಂತ ಜಾಸ್ತಿ ತಿಳಿಯುವುದು ಮೊದಲ ಅರ್ಧ ಗಂಟೆಯಲ್ಲಿ. ಸರಿಯಾದ ಫಿಸಿಯೋ ಬಂದ ಕೂಡಲೇ ಕಾಲು ಹಿಡಿಯಲ್ಲ. ಡಿಸ್ಚಾರ್ಜ್ ಸಮ್ಮರಿ ಓದುತ್ತಾರೆ. ಶುಗರ್, ಬಿಪಿ, ರಕ್ತ ತೆಳುವಾಗುವ ಮಾತ್ರೆ ಎಲ್ಲ ಕೇಳುತ್ತಾರೆ. ಗಾಯ ನೋಡುತ್ತಾರೆ. ಎರಡೂ ಕಾಲಿನ ಮೀನಖಂಡ ಮುಟ್ಟಿ, ಒಂದು ಕಡೆ ಬಿಸಿ, ಊತ ಇದೆಯಾ ಅಂತ ಹೋಲಿಸುತ್ತಾರೆ. ಆಮೇಲೆ ಮಂಡಿ ಎಷ್ಟು ಬಗ್ಗುತ್ತದೆ, ಎಷ್ಟು ನೆಟ್ಟಗಾಗುತ್ತದೆ ಅಂತ ಕೋನ ಅಳೆದು ಬರೆದಿಟ್ಟುಕೊಳ್ಳುತ್ತಾರೆ. ಅಳತೆ ಬರೆಯದೇ ಇದ್ದರೆ ನಾಳೆ ಮುಂದಕ್ಕೆ ಹೋಯಿತೋ ಹಿಂದಕ್ಕೆ ಹೋಯಿತೋ ಹೇಗೆ ಗೊತ್ತಾಗಬೇಕು? ಮೆಷಿನ್ ಇಡಬಾರದು ಅಂತಲ್ಲ. ಆದರೆ ಅರ್ಧಕ್ಕರ್ಧ ಸಮಯ ಮೆಷಿನ್ನಲ್ಲೇ ಕಳೆದರೆ ನಿಮ್ಮ ದುಡ್ಡು ದಂಡ. ಮಂಡಿ ಸರಿಹೋಗುವುದು ಅಮ್ಮ ತಾವೇ ಮಾಡುವ ವ್ಯಾಯಾಮದಿಂದ.

ನೋವಿನ ಬಗ್ಗೆ ಒಂದು ಮಾತು. ನೋವೇ ಇಲ್ಲದೆ ಈ ಕೆಲಸ ಆಗಲ್ಲ, ಅದನ್ನು ಮುಚ್ಚಿಡಲ್ಲ. ಎಳೆದ ಹಾಗಾಗುತ್ತದೆ, ಕಣ್ಣಲ್ಲಿ ನೀರೂ ಬರಬಹುದು. ಆದರೆ ಅದು ಸ್ವಲ್ಪ ಹೊತ್ತಲ್ಲಿ ಇಳಿಯಬೇಕು. ರಾತ್ರಿಯೆಲ್ಲ ನಿದ್ದೆ ಇಲ್ಲ, ಮಾರನೇ ದಿನ ಊತ ಜಾಸ್ತಿ ಅಂದರೆ ಅದು ಮಿತಿ ಮೀರಿತು ಅಂತ ಅರ್ಥ.

ತುಮಕೂರಿನ ತಮ್ಮ

ಅಕ್ಕಾ, ಹುಡುಕಾಡಿ ಯಾಕೆ ಒದ್ದಾಡ್ತೀರಿ? ನಮ್ಮೂರ ಹತ್ತಿರ ಎಣ್ಣೆ ಹಚ್ಚಿ ನೀವುವ ಅಜ್ಜ ಒಬ್ಬರಿದ್ದಾರೆ. ನಮ್ಮಪ್ಪನ ಸೊಂಟ ಹಿಡಿದಿದ್ದನ್ನು ಮೂರೇ ದಿನದಲ್ಲಿ ಸರಿ ಮಾಡಿದರು. ಕಾರು ಕಳಿಸಿದರೆ ಬೆಂಗಳೂರಿಗೂ ಬರುತ್ತಾರೆ. ಒಳ್ಳೇದಾಗಲಿ ಅಂತ ಹೇಳ್ತಿದ್ದೀನಿ.

ಹಳೇ ಫಿಸಿಯೋ

ತಮ್ಮಾ, ಒಳ್ಳೇ ಮನಸ್ಸಿಂದ ಹೇಳಿದ್ದೀರಿ. ಆ ಅಜ್ಜನ ಕೈಗುಣದ ಬಗ್ಗೆ ನಾನು ಏನೂ ಹೇಳಲ್ಲ. ಆದರೆ ಇದು ಹಿಡಿದ ಸೊಂಟ ಅಲ್ಲ. ಒಳಗೆ ಲೋಹದ ಕೀಲು ಕೂರಿಸಿ 13 ದಿನ ಆಗಿದೆ. ಹೊಸ ಗಾಯದ ಮೇಲೆ ಎಣ್ಣೆ ಬಿದ್ದರೆ ಸೋಂಕಿನ ಭಯ. ಇನ್ನೂ ದೊಡ್ಡ ಭಯ ಮೀನಖಂಡದ್ದು. ಮಂಡಿ ಆಪರೇಷನ್ ಆದ ಮೇಲೆ ಕೆಲವರಿಗೆ ಅಲ್ಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಜಾಗ ಬಲವಾಗಿ ನೀವಿದರೆ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ.

ಮಗಳೇ, ನೀವೂ ನೆನಪಿಡಿ. ಮೀನಖಂಡ ಒಂದೇ ಕಡೆ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ಜ್ವರ ಬಂದು ಗಾಯ ಒಸರುತ್ತಿದ್ದರೆ ಫಿಸಿಯೋಗೆ ಕಾಯಬೇಡಿ, ಅವತ್ತೇ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ದಿಢೀರ್ ಅಂತ ಉಸಿರಾಟದ ತೊಂದರೆ, ಎದೆ ನೋವು ಬಂದರೆ ಹತ್ತಿರದ ಎಮರ್ಜೆನ್ಸಿಗೆ ಓಡಿ.

ಜಯನಗರ ಈಸ್ಟ್

ನಮ್ಮ ಮಾವನವರಿಗೆ ಬಿದ್ದು ತೊಡೆ ಮೂಳೆ ಮುರಿದಾಗ ನಾವೂ ಹೀಗೇ ಒದ್ದಾಡಿದ್ದೆವು. ಕೊನೆಗೆ ಕೈ ಹಿಡಿದದ್ದು ಸರ್ಕಾರಿ ಆಸ್ಪತ್ರೆ. ಬೈರಸಂದ್ರದ ಸಂಜಯ್ ಗಾಂಧಿ ಸಂಸ್ಥೆ ಮೂಳೆಗೇ ಇರುವ ಆಸ್ಪತ್ರೆ, ಅಲ್ಲಿ ಫಿಸಿಯೋ ವಿಭಾಗ ಇದೆ. ಕಾಯಬೇಕು, ಬೆಂಚು ಸಿಗಲ್ಲ, ಎಲ್ಲ ನಿಜ. ಆದರೆ ಅಲ್ಲಿ ಇರುವವರು ಓದಿದವರೋ ಅಲ್ಲವೋ ಅಂತ ನಾವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಾವು ಮಾಡಿದ್ದು ಹೀಗೆ. ವಾರಕ್ಕೊಂದು ಸಲ ಆಟೋದಲ್ಲಿ ಹೋಗಿ ತೋರಿಸುವುದು. ಅವರು ಹೇಳಿಕೊಟ್ಟ ವ್ಯಾಯಾಮವನ್ನು ನಾನು ಅವರ ಅನುಮತಿ ಕೇಳಿ ಫೋನಲ್ಲಿ ವಿಡಿಯೋ ಮಾಡಿಕೊಳ್ಳುವುದು. ವಾರವಿಡೀ ಅದನ್ನು ನೋಡಿಕೊಂಡು ಮನೆಯಲ್ಲಿ ಮಾಡಿಸುವುದು. ದಿನಾ 700 ಕೊಡುವ ಅಗತ್ಯ ಬರಲಿಲ್ಲ.

ಇನ್ನೊಂದು ದಾರಿ, ನಿಮ್ಮ ಆಪರೇಷನ್ ಆದ ಆಸ್ಪತ್ರೆಯಲ್ಲೇ ವಾರ್ಡಿಗೆ ಬಂದು ಮೊದಲ ದಿನ ಅಮ್ಮನನ್ನು ವಾಕರ್ ಹಿಡಿಸಿ ನಡೆಸಿದ ಫಿಸಿಯೋ ಇರುತ್ತಾರಲ್ಲ, ಅವರನ್ನೇ ಕೇಳಿ. ಹನುಮಂತನಗರದ ಕಡೆ ಮನೆಗೆ ಹೋಗುವ ಗೊತ್ತಿರುವವರು ಯಾರಿದ್ದಾರೆ ಅಂತ. ಜೊತೆ ಓದಿದವರು ಅವರಿಗೆ ಊರೆಲ್ಲ ಇರುತ್ತಾರೆ. ನಮ್ಮ ಪಕ್ಕದ ಮನೆಯವರಿಗೆ ಹಾಗೇ ಸಿಕ್ಕಿದ್ದು.

ಆ ಏಜೆನ್ಸಿಯಿಂದ ಉಳಿದ ದಿನಗಳ ದುಡ್ಡು ವಾಪಸ್ ಕೇಳಿ, ಫೋನಲ್ಲಿ ಬೇಡ, ಬರೆದು ಕೇಳಿ. ಬಂದವರ ಪದವಿ ಏನು ಅಂತಲೂ ಅದರಲ್ಲೇ ಕೇಳಿ.

ಹನುಮಂತನಗರದ ಮಗಳು

ಎರಡು ವಾರ ಆಯಿತು ಬರೆದು. ಆಗಿದ್ದನ್ನು ಹೇಳಲೇಬೇಕು ಅಂತ ಬಂದೆ.

ಜಯನಗರ ಈಸ್ಟ್ ಅವರೇ, ನೀವು ಹೇಳಿದ ಹಾಗೆ ವಾರ್ಡಿನ ಫಿಸಿಯೋಗೆ ಫೋನ್ ಮಾಡಿದೆ. ಅವರ ಸೀನಿಯರ್ ಒಬ್ಬರು ಗಿರಿನಗರದಲ್ಲಿ ಇದ್ದಾರೆ ಅಂದರು. ಫೋನಲ್ಲೇ, ಕೈ ನಡುಗುತ್ತಿದ್ದರೂ, ಸರ್ಟಿಫಿಕೇಟ್ ಬಗ್ಗೆ ಕೇಳಿದೆ. ಹಳೇ ಫಿಸಿಯೋ ಸರ್, ನೀವು ಹೇಳಿದ್ದು ಅಕ್ಷರಶಃ ನಿಜ. ಆ ಮೇಡಂ "ಒಳ್ಳೇದು ಕೇಳಿದ್ರಿ" ಅಂತ ಹೇಳಿ ಐದು ನಿಮಿಷದಲ್ಲಿ ಬಿಪಿಟಿ, ಎಂಪಿಟಿ ಎರಡರ ಫೋಟೋ ವಾಟ್ಸಾಪಲ್ಲಿ ಕಳಿಸಿದರು. ನೋಂದಣಿ ನಂಬರನ್ನೂ ಕೆಳಗೆ ಬರೆದಿದ್ದರು.

ಬಂದ ದಿನ ಅವರು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಅಮ್ಮನ ಮಂಡಿ ಕೆಳಗಿದ್ದ ದಿಂಬನ್ನು ತೆಗೆದದ್ದು. ಆರಾಮಾಗಿರಲಿ ಅಂತ ಆ ಹುಡುಗ ಇಟ್ಟಿದ್ದ, ನಾನೂ ಹಾಗೇ ಮುಂದುವರಿಸಿದ್ದೆ. ಹಗಲೂ ರಾತ್ರಿ ಅಮ್ಮನ ಕಾಲು ಅದರ ಮೇಲೆ ಬಗ್ಗಿಕೊಂಡೇ ಇರುತ್ತಿತ್ತು. "ಅಮ್ಮಾ, ಇದರಿಂದ ಕಾಲು ನೆಟ್ಟಗಾಗೋದೇ ಮರೆತುಹೋಗುತ್ತೆ" ಅಂದರು. ಒಂದು ಟವಲ್ ಕೇಳಿದರು. ಅದನ್ನು ಚಪಾತಿ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ ಹಿಮ್ಮಡಿ ಕೆಳಗೆ ಇಟ್ಟರು. ಮಂಡಿ ಕೆಳಗೆ ಏನೂ ಇಲ್ಲ, ಖಾಲಿ. "ಈಗ ಮಂಡಿಯನ್ನ ಹಾಸಿಗೆ ಕಡೆ ಮೆಲ್ಲಗೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸಿ, ಬಿಡಿ." ಅಷ್ಟೇ. ಅಮ್ಮನ ಕಾಲನ್ನು ಅವರು ಹಿಡಿಯಲೇ ಇಲ್ಲ. ತೊಡೆಯ ಮೇಲೆ ಎರಡು ಬೆರಳು ಇಟ್ಟು, ಬಿಗಿಯಾಗುತ್ತಿದೆಯಾ ಅಂತ ನೋಡುತ್ತಿದ್ದರು. ಬೇರೆ ಯಾರೂ ಎಳೆಯುತ್ತಿಲ್ಲ, ತಾನೇ ಮಾಡುವುದು ಅಂತ ಗೊತ್ತಾದ ಕೂಡಲೇ ಅಮ್ಮನ ಮುಖದ ಬಿಗಿ ಸಡಿಲವಾಯಿತು.

ಆಮೇಲೆ ಅಳತೆ. ಸ್ಕೂಲಿನ ಕೋನಮಾಪಕಕ್ಕೆ ಎರಡು ಉದ್ದ ಕೈ ಜೋಡಿಸಿದ ಹಾಗಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಗೋನಿಯೋಮೀಟರ್ ಅಂತೆ. ಒಂದು ಕೈ ತೊಡೆಯ ಸಾಲಿಗೆ, ಇನ್ನೊಂದು ಕಣಕಾಲಿನ ಕಡೆಗೆ. ಅವತ್ತು ಬಗ್ಗಿದ್ದು 62 ಡಿಗ್ರಿ. ಪೂರ್ತಿ ನೆಟ್ಟಗಾಗೋಕೆ ಇನ್ನೂ 12 ಬಾಕಿ. ಇಷ್ಟು ದಿನಕ್ಕೆ ಸಾಮಾನ್ಯವಾಗಿ 90ರ ಹತ್ತಿರ ಇರಬೇಕಿತ್ತು, ಹಿಂದೆ ಬಿದ್ದಿದ್ದೇವೆ, ಆದರೆ ಕೈ ಮೀರಿಲ್ಲ ಅಂದರು. ಸುಳ್ಳು ಭರವಸೆ ಕೊಡದೆ ಹಾಗೆ ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು. ಬಗ್ಗಿಸೋದಕ್ಕಿಂತ ನೆಟ್ಟಗೆ ಮಾಡೋದು ಮೊದಲು, ನೆಟ್ಟಗಾಗದ ಕಾಲಲ್ಲಿ ಕುಂಟು ಹೋಗಲ್ಲ ಅಂತಲೂ ವಿವರಿಸಿದರು.

ಅವರು ದಿನಾ ಬರಲ್ಲ. ವಾರಕ್ಕೆ ಎರಡು ಸಲ ಸಾಕು ಅಂದರು. ಒಂದು ಸಲಕ್ಕೆ 900 ರೂಪಾಯಿ. ಲೆಕ್ಕ ಹಾಕಿದರೆ ಮೊದಲಿಗಿಂತ ಕಡಿಮೆಯೇ ಆಗುತ್ತದೆ. ಉಳಿದ ದಿನ ನಾವೇ ಮಾಡಬೇಕು, ದಿನಕ್ಕೆ ಮೂರು ಹೊತ್ತು, ಮುಗಿದ ಮೇಲೆ ಬಟ್ಟೆ ಸುತ್ತಿ ಐಸ್. ಮೊದಲೆರಡು ದಿನ ನಾನು ಆಫೀಸಿಂದ ಬಂದು ಕೇಳಿದರೆ ಅಮ್ಮ "ಎಲ್ಲಾ ಮಾಡ್ದೆ" ಅನ್ನುತ್ತಿದ್ದರು. ನನಗೆ ನಂಬಿಕೆ ಇರಲಿಲ್ಲ. ಆ ಮೇಡಂ ಅಮ್ಮನ ಹಪ್ಪಳದ ಕಥೆ ಕೇಳಿ, "ಆರ್ಡರ್ ಲೆಕ್ಕ ಎಲ್ಲಿ ಬರೀತಿದ್ರಿ ಅಮ್ಮಾ?" ಅಂದರು. ಅಮ್ಮ ನನ್ನ ಕೈಲಿ ಬೀರುವಿಂದ ಹಳೇ ಉದ್ದನೆ ಪುಸ್ತಕ ತೆಗೆಸಿದರು. ಉದ್ದಿನದು ಇಷ್ಟು, ಅಕ್ಕಿದು ಇಷ್ಟು ಅಂತ ಬರೆದಿದ್ದ ಸಾಲುಗಳು ಮುಗಿದ ಮೇಲಿನ ಖಾಲಿ ಹಾಳೆಯಲ್ಲಿ ಈಗ ಅಮ್ಮನದೇ ಕೈಬರಹದಲ್ಲಿ ಬೆಳಿಗ್ಗೆ 15, ಮಧ್ಯಾಹ್ನ 15, ಸಂಜೆ 12 ಅಂತ ಇದೆ. ಆ 12 ನೋಡಿ ನನಗೆ ನಂಬಿಕೆ ಬಂತು. ಸುಳ್ಳು ಬರೆಯುವುದಾದರೆ 15 ಅಂತಲೇ ಬರೆಯಬಹುದಿತ್ತಲ್ವಾ.

ಮೊನ್ನೆ ಅಳೆದಾಗ ಬಗ್ಗಿದ್ದು 88, ನೆಟ್ಟಗಾಗೋಕೆ ಬಾಕಿ 5. ಕುರ್ಚಿಯಿಂದ ಕೈ ಊರಿ ತಾವೇ ಏಳುತ್ತಿದ್ದಾರೆ. ಇನ್ನು ಮೇಲೆ ನೆಲದ ಮೇಲೆ ಕೂರೋದು ಬೇಡ ಅಂದಿದ್ದಾರೆ, ಅದೊಂದು ಅಮ್ಮನಿಗೆ ಸ್ವಲ್ಪ ಬೇಜಾರು. ಹಪ್ಪಳಕ್ಕೆ ಎತ್ತರದ ಮೇಜು ಮಾಡಿಸೋಣ ಅಂತ ತಮ್ಮ ಬಡಗಿಯನ್ನು ಕೇಳಿದ್ದಾನೆ.

ಏಜೆನ್ಸಿಗೆ ಬರೆದು ಕೇಳಿದೆ. ಉಳಿದ ಏಳು ದಿನದ ದುಡ್ಡು ವಾಪಸ್ ಬಂತು. ಪದವಿಯ ಬಗ್ಗೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಇನ್ನೊಮ್ಮೆ ಬರೆದಿದ್ದೇನೆ.

ಪರಿಷೆ ಬಗ್ಗೆ ಅಮ್ಮ ಆ ಮೇಡಂನ ಕೇಳಿದರು. "ಸಂಜೆ ನೂಕುನುಗ್ಗಲಲ್ಲಿ ಬೇಡ. ಬೆಳಿಗ್ಗೆ ಬೇಗ, ಕೋಲು ಹಿಡಿದು, ಮಗಳ ಜೊತೆ. ಆದ್ರೆ ಅದಕ್ಕೆ ಮೊದಲು ನಿಮ್ಮ ಮನೆ ಮೆಟ್ಟಿಲು ಇಳಿದು ಹತ್ತಿ ತೋರಿಸ್ಬೇಕು" ಅಂದರು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಅಮ್ಮ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ನಮ್ಮದು ಹದಿನೆಂಟು ಮೆಟ್ಟಿಲು. ಬುಧವಾರ ಮೊದಲ ನಾಲ್ಕು.